ನರಸಿಂಹನ ಪಟದ ಕೆಳಗಿನ ತಟ್ಟೆ

ನನ್ನ ಯಜಮಾನರು ಡಾಕ್ಟರ್ ಓಬಳಯ್ಯನವರು ಯಾರ ಹತ್ತಿರವೂ ಫೀಸು ಕೇಳಿದವರಲ್ಲ. ಮಧುಗಿರಿಯಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ, ಹೇಳುತ್ತಾರೆ. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಹೇಳುತ್ತಾರೆ. ಬೆಟ್ಟದ ಕೆಳಗಿನ ರಸ್ತೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ಅವರ ಕ್ಲಿನಿಕ್ಕು. ಒಳಗೆ ಗೋಡೆಯ ಮೇಲೆ ಕದಿರಿ ನರಸಿಂಹನ ಪಟ. ಪಟದ ಕೆಳಗೆ ಒಂದು ಹಿತ್ತಾಳೆ ತಟ್ಟೆ. ಬಂದವರು ತೋರಿಸಿಕೊಂಡು, ಚೀಟಿ ಬರೆಸಿಕೊಂಡು, ಹೋಗುವಾಗ ತಟ್ಟೆಗೆ ಕೈಲಾದಷ್ಟು ಹಾಕುವುದು. ಹಾಕದೇ ಹೋದರೂ ಡಾಕ್ಟರು ತಲೆ ಎತ್ತಿ ನೋಡುತ್ತಿರಲಿಲ್ಲ. ಅವರ ಕೈಗುಣ ದೊಡ್ಡದು, ಅದಕ್ಕೇ ಕೇಳುವುದಿಲ್ಲ ಎಂದು ಜನ ಮೊದಮೊದಲು ಮಾತಾಡಿಕೊಂಡರು. ಬರುಬರುತ್ತಾ ಮಾತು ತಿರುವು ಮುರುವಾಯಿತು. ಕೇಳದೇ ಇರುವುದರಿಂದಲೇ ಕೈಗುಣ ನಿಂತಿದೆ, ಕೇಳಿದರೆ ಹೊರಟುಹೋಗುತ್ತದೆ ಎಂದರು.

ತಟ್ಟೆ ಅಲ್ಲಿಗೆ ಹೇಗೆ ಬಂತು ಎನ್ನುವುದು ಊರಿಗೆ ಗೊತ್ತಿಲ್ಲ, ನನಗೆ ಗೊತ್ತು. ಆಗ ಅವರು ನಾಗಲಮಡಿಕೆ ಕಡೆ ಸರ್ಕಾರಿ ಡಾಕ್ಟರು. ಸಾಯಂಕಾಲ ಮನೆ ಹತ್ತಿರ ಬಂದವರನ್ನೂ ನೋಡುತ್ತಿದ್ದರು, ಎರಡು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಯಾರೋ ಪುಣ್ಯಾತ್ಮರು ಮೇಲಕ್ಕೊಂದು ಮೂಗರ್ಜಿ ಬರೆದರು. ವಿಚಾರಣೆಗೆ ತುಮಕೂರಿಗೆ ಕರೆಸಿದರು. ನಮ್ಮ ಮನೆತನದಲ್ಲಿ ಅವರಿಗಿಂತ ಮುಂಚೆ ತಿಂಗಳ ಸಂಬಳದ ಮುಖ ನೋಡಿದವರಿಲ್ಲ. ತುಮಕೂರಿನಿಂದ ವಾಪಸು ಬಂದವರು ಊಟಕ್ಕೂ ಕೂರಲಿಲ್ಲ. ನಾನು ತವರಿನಿಂದ ತಂದಿದ್ದ ಅರಿಶಿನ ಕುಂಕುಮದ ತಟ್ಟೆಯನ್ನು ತೊಳೆಸಿ, ಪಟದ ಕೆಳಗೆ ಇಟ್ಟರು.

“ಯಾರಾನ ಬಂದು ವಿಚಾರ್ಸಿದ್ರೆ, ನಮ್ಮನೇರು ಕಾಸು ಮುಟ್ಟಲ್ಲ, ಜನ ದೇವ್ರಿಗೆ ಹಾಕ್ತಾರೆ ಅನ್ನು. ಬಾಯ್ಬಿಟ್ಟು ಕೇಳಿದ್ರೆ ಕೆಲ್ಸ ಹೋಗ್ತೈತೆ ಕಣೇ ಕದರಿ” ಎಂದು ನನ್ನ ಹೆಸರು ಹಿಡಿದು ಹೇಳಿದರು.

ಅಷ್ಟೇ ಅದರ ಕತೆ. ಆಮೇಲೆ ಮಧುಗಿರಿಗೆ ವರ್ಗವಾಯಿತು, ತಟ್ಟೆಯೂ ಜೊತೆಗೆ ಬಂತು. ನಿವೃತ್ತಿಯಾದ ಮೇಲೆ ಯಾವ ಮೂಗರ್ಜಿಗೂ ಹೆದರಬೇಕಾಗಿರಲಿಲ್ಲ. ಆದರೆ ಅಷ್ಟರಲ್ಲಿ ತಟ್ಟೆಗೆ ಹೆಸರು ಬಂದುಬಿಟ್ಟಿತ್ತು, ಆ ಹೆಸರು ಅವರಿಗೂ ಹಿತವಾಗಿತ್ತು. ಮೊದಲು ಸಂಬಳ, ಆಮೇಲೆ ಪಿಂಚಣಿ ಮನೆ ನಡೆಸಿತು. ತಟ್ಟೆಯದ್ದು ಸೊಪ್ಪು ತರಕಾರಿಗೆ ಆಯಿತು. ಹಿಂದೆ ಪಿಂಚಣಿ ಇಟ್ಟುಕೊಂಡು ಮುಂದೆ ತಟ್ಟೆ ಇಡುವುದು ಅಂಥ ಕಷ್ಟದ ಕೆಲಸವೇನಲ್ಲ.

ಕಷ್ಟ ಬಂದದ್ದು ಧನಲಕ್ಷ್ಮಿಗೆ. ಅವಳು ನನ್ನ ಮೊಮ್ಮಗಳು, ಶಿರಾದಲ್ಲಿ ಮೇಷ್ಟ್ರಾಗಿರುವ ನನ್ನ ಮಗ ತಿಪ್ಪೇರುದ್ರನ ಮಗಳು. ತಾತನ ಹಾಗೆಯೇ ಸರ್ಕಾರಿ ಕಾಲೇಜಿನಲ್ಲಿ ಸೀಟು ಗಿಟ್ಟಿಸಿ ಡಾಕ್ಟರಾದಳು. ತಾತ ಓದು ಮುಗಿಸಿದಾಗ ಸರ್ಕಾರವೇ ಕರೆದು ಕೆಲಸ ಕೊಟ್ಟಿತ್ತು. ಇವಳ ಕಾಲಕ್ಕೆ ಕರೆಯುವವರು ಯಾರೂ ಇರಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗ ಸ್ಟೈಫಂಡು ಅಂತ ಕೊಟ್ಟದ್ದು ಊಟಕ್ಕೂ ಪುಸ್ತಕಕ್ಕೂ ಸರಿಹೋಯಿತು. ಆಮೇಲೆ ಪಾವಗಡದಾಚೆ ಒಂದು ಆರೋಗ್ಯ ಕೇಂದ್ರದಲ್ಲಿ ಕಾಂಟ್ರಾಕ್ಟ್ ಡಾಕ್ಟರು. ಬಲಸಮುದ್ರದ ಸೋಲಾರ್ ಹಲಗೆಗಳನ್ನು ಹಾದು ಬಸ್ಸಿನಲ್ಲಿ ಹೋಗಿಬರುವುದು. ಸಂಬಳ ತಿಂಗಳ ಕೊನೆಗಲ್ಲ, ಮೇಲಿನಿಂದ ದುಡ್ಡು ಇಳಿದಾಗ.

“ಬಿಸಿಲು ಬಿದ್ದ ತಕ್ಷಣ ಆ ಹಲಗೆಗಳಲ್ಲಿ ಕರೆಂಟು ಬರ್ತದೆ ಅಜ್ಜಿ. ನನ್ನ ಅಕೌಂಟಿಗೆ ಮಾತ್ರ ಬೇಸಿಗೆ ಮುಗಿದ್ರೂ ಏನೂ ಬರಲ್ಲ” ಎಂದು ಫೋನಿನಲ್ಲಿ ನಗುತ್ತಿದ್ದಳು.

ಕಾಂಟ್ರಾಕ್ಟು ಮುಗಿದಾಗ ಮುಂದುವರಿಸಲಿಲ್ಲ. ಇನ್ನೂ ಮೇಲೆ ಓದೋಣವೆಂದರೆ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತು. ಖಾಸಗಿಯವರು ಹೇಳಿದ ಮೊತ್ತ ಕೇಳಿ ತಿಪ್ಪೇರುದ್ರ ಫೋನು ಕೆಳಗಿಟ್ಟ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆಯಲ್ಲ ಎಂದರೆ, ಬರೀ ಎಂಬಿಬಿಎಸ್ ಆದವರನ್ನು ಅಲ್ಲಿ ರಾತ್ರಿ ಕಾವಲಿಗೆ ಇಟ್ಟುಕೊಳ್ಳುತ್ತಾರಂತೆ. ಕೊಟ್ಟದ್ದರಲ್ಲಿ ಅರ್ಧ ಮನೆ ಬಾಡಿಗೆಗೆ ಹೋಗುತ್ತದಂತೆ.

“ತಾತನ ಕ್ಲಿನಿಕ್ಕಿದೆಯಲ್ಲಜ್ಜಿ. ಒಂದು ವರ್ಷ ನೋಡ್ತೀನಿ” ಎಂದಳು. “ನಮ್ಮೂರಲ್ಲೇ ಡಾಕ್ಟ್ರಾಗಿ ಬದುಕೋಕೆ ಆಗತ್ತೋ ಇಲ್ವೋ ಅಂತ. ಆಗದೇ ಇದ್ರೆ ಈ ಕೆಲಸನೇ ಬಿಟ್ಬಿಡ್ತೀನಿ.”

ಆಗದೆ ಏನು ಎಂದುಕೊಂಡೆ ನಾನು. ಧೂಳು ಹೊಡೆದು, ಸುಣ್ಣ ಬಳಿಸಿ, ಪಟಕ್ಕೆ ಹೂವು ಹಾಕಿದೆ. ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದವಳೂ ನಾನೇ.

ಮೊದಲು ಬಂದವಳು ಕಡಲೆಕಾಯಿ ಮಾರುವ ಈಶ್ವರಮ್ಮ. ನಮ್ಮ ಧನುವಿನ ತಾತನ ಕಾಲದಿಂದ ಕ್ಲಿನಿಕ್ಕಿನ ಒಕ್ಕಲು.

“ಬಂದ್ಬುಟ್ಯಾ ನಮ್ಮವ್ವ! ಹೆಸರಿನಾಗೇ ಧನ ಐತೆ, ಲಕ್ಷ್ಮಿನೂ ಅವ್ಳೆ. ನಿಂಗೇನವ್ವ ಕಮ್ಮಿ” ಎನ್ನುತ್ತಾ ಸ್ಟೂಲಿನ ಮೇಲೆ ಕೂತಳು.

ಧನು ಅವಳ ಎದೆ ಬೆನ್ನು ನೋಡಿದಳು, ಬಿಪಿ ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಏನು ತಿನ್ನಬೇಕು ಏನು ಬಿಡಬೇಕು ಎಂದು ಅರ್ಧ ಗಂಟೆ ಹೇಳಿದಳು. ಈಶ್ವರಮ್ಮ ಎದ್ದು ತಟ್ಟೆಗೆ ಇಪ್ಪತ್ತರ ನೋಟು ಹಾಕಿ, ಬೋಣಿಗೆಂದು ನಾನು ಮೊದಲೇ ಇಟ್ಟಿದ್ದ ಹತ್ತರ ನೋಟನ್ನು ಚಿಲ್ಲರೆಯಾಗಿ ವಾಪಸು ತೆಗೆದುಕೊಂಡಳು. “ಬಸ್ ಚಾರ್ಜಿಗೆ ಕಣವ್ವ” ಎಂದು ನನ್ನ ಕಡೆ ನೋಡಿ ನಕ್ಕಳು. ಸಕ್ಕರೆ ನೋಡುವ ಪಟ್ಟಿ ಒಂದಕ್ಕೇ ಅದಕ್ಕಿಂತ ಹೆಚ್ಚು ಬೀಳುತ್ತದೆ ಎಂದು ಧನು ಆಮೇಲೆ ಹೇಳಿದಳು. ನಾನೂ ನಕ್ಕೆ. ಮೊದಲ ದಿನವಲ್ಲವೇ.

ಮೂರ್ನಾಲ್ಕು ತಿಂಗಳಲ್ಲಿ ನಗು ಕಮ್ಮಿಯಾಯಿತು. ಜನ ಬರುತ್ತಿರಲಿಲ್ಲ ಎಂದಲ್ಲ. ಬೆಳಗಿನಿಂದ ಬೆಂಚು ತುಂಬಿರುತ್ತಿತ್ತು. ತಟ್ಟೆಯಲ್ಲಿ ಚಿಲ್ಲರೆ, ಕುಂಕುಮ, ಗೊರವನಹಳ್ಳಿ ಲಕ್ಷ್ಮಿಯ ಪ್ರಸಾದದ ಪೊಟ್ಟಣ. ಜಗಲಿಯಲ್ಲಿ ಅವರೆಕಾಯಿ, ಹುಣಸೆಹಣ್ಣು, ಹಲಸಿನ ಹಣ್ಣು. ಕೊಡುವ ಮನಸ್ಸು ಇಲ್ಲವೆಂದು ಹೇಳಲಾರೆ. ಆದರೆ ಕ್ಲಿನಿಕ್ಕಿನ ಕರೆಂಟು ಬಿಲ್ಲಿಗೆ ಅವರೆಕಾಯಿ ಕಟ್ಟಲು ಬರುವುದಿಲ್ಲ. ಸಹಾಯಕ್ಕಿದ್ದ ನರ್ಸು ಹುಡುಗಿಗೆ ತಿಪ್ಪೇರುದ್ರನೇ ಶಿರಾದಿಂದ ಸಂಬಳ ಕಳಿಸುತ್ತಿದ್ದ. ಮೂವತ್ತರ ಹತ್ತಿರ ಬಂದ ಡಾಕ್ಟರು ಮಗಳು, ಸ್ಕೂಟರಿಗೆ ಪೆಟ್ರೋಲು ಹಾಕಿಸಲು ಅಪ್ಪನ ಕೈ ನೋಡಬೇಕು.

ಒಂದು ಭಾನುವಾರ ಅವಳ ಕ್ಲಾಸ್‌ಮೇಟು ಅರುಣ್ ಕುಮಾರ್ ಇಂಗ್ಲೆಂಡಿನಿಂದ ವಿಡಿಯೋದಲ್ಲಿ ಬಂದ. ಕೊರಟಗೆರೆಯ ಹುಡುಗ. ಟೋಪಿ ಹಾಕಿಕೊಂಡು, ಆಸ್ಪತ್ರೆಯ ಗೇಟಿನ ಮುಂದೆ ಹಲಗೆ ಹಿಡಿದು ನಿಂತಿದ್ದ. ಹಿಂದೆ ಇನ್ನೂ ಹತ್ತಾರು ಡಾಕ್ಟರುಗಳು.

“ಇದೇನಪ್ಪಾ, ಧರಣಿನಾ?” ಎಂದೆ.

“ಹೂಂ ಅಜ್ಜಿ, ಸ್ಟ್ರೈಕು. ಹದಿನೈದು ವರ್ಷದ ಹಿಂದೆ ನಮ್ಮಂಥೋರಿಗೆ ಕೊಡ್ತಿದ್ದ ಸಂಬಳದ ಬೆಲೆ ಈಗ ಇಲ್ಲ. ಅಷ್ಟಾದ್ರೂ ವಾಪಸ್ ಕೊಡಿ ಅಂತ ಕೇಳ್ತಿದೀವಿ.”

“ನಿಂಗೆ ಬರೋದನ್ನ ನಮ್ಮ ರೂಪಾಯಿ ಮಾಡಿದ್ರೆ ನಮ್ಮೂರ ಬೀದಿನೇ ಕೊಂಡ್ಕೋಬೋದಂತಲ್ಲೋ!”

“ರೂಪಾಯಿ ಮಾಡ್ಬೇಡಿ ಅಜ್ಜಿ, ನಾನು ಬದುಕ್ತಿರೋದು ಇಲ್ಲಿ. ಬಾಡಿಗೆ, ಪರೀಕ್ಷೆ ಫೀಸು, ಕಟಿಂಗ್ ಮಾಡ್ಸಿದ್ರೂ ದುಡ್ಡು. ನಾವು ದೊಡ್ಡ ಡಾಕ್ಟ್ರು ಆಗೋ ಹೊತ್ತಿಗೆ ಸಂಬಳ ಚೆನ್ನಾಗಿ ಬರ್ತದೆ, ಅಷ್ಟೊತ್ತಿಗೆ ಈ ತಲೆಲಿ ಕೂದ್ಲಿರಲ್ಲ” ಎಂದು ಟೋಪಿ ತೆಗೆದು ತೋರಿಸಿದ. “ಹೋಗೋ ಕಾರಿನೋರೆಲ್ಲಾ ಹಾರನ್ ಹೊಡ್ದು ನಮಗೆ ಬೆಂಬಲ ಕೊಡ್ತಾರೆ, ಕೇಳಿ.”

“ಇಲ್ಲಿ ಹಾರನ್ ಹೊಡೆದ್ರೆ ಪಕ್ಕಕ್ ಸರ್ಕೋ ಅಂತ ಕಣಪ್ಪ” ಎಂದೆ.

ಅವನು ನಕ್ಕ. ಧನು ನಗಲಿಲ್ಲ. ಫೋನು ಇಟ್ಟ ಮೇಲೆ, “ನೋಡಿದ್ಯಾ ಅಜ್ಜಿ, ಬೀದಿಲಿ ನಿಂತು ಕೇಳ್ತಾರೆ. ಯಾರೂ ಅವರ ಕೈಗುಣ ಹೋಯ್ತು ಅನ್ನಲ್ಲ” ಎಂದಳು.

ಮರುದಿನ ಒಂದು ಸ್ಲೇಟು ತಂದು ಬಾಗಿಲ ಪಕ್ಕ ತಗುಲಿಹಾಕಿದಳು. ‘ಡಾಕ್ಟರ್ ಶುಲ್ಕ ನೂರು ರೂಪಾಯಿ’ ಎಂದು ಅದರ ಮೇಲೆ ಬರೆದಳು. ಕೊಡಲಾಗದವರಿಗೆ ಬೇಡ ಎಂದು ಕೆಳಗೆ ಸಣ್ಣದಾಗಿ ಬರೆಸಿದವಳು ನಾನು. ಅವತ್ತು ಬೆಂಚು ಖಾಲಿ. ಬಂದವರು ಸ್ಲೇಟು ನೋಡಿ, ಒಳಗಿನ ನರಸಿಂಹನನ್ನು ನೋಡಿ, ಹೊಸಿಲು ದಾಟದೆ ಹೊರಟುಹೋದರು. ನೂರು ರೂಪಾಯಿ ಅವರಿಗೆ ದೊಡ್ಡದಲ್ಲ. ಹೆದರಿದವರ ಹಾಗೆ ಹೋದರು.

ಸಾಯಂಕಾಲ ಪರ್ವತಯ್ಯ ಬಂದ. ಹಿಂದೆ ಪುರಸಭೆ ಮೆಂಬರಾಗಿದ್ದವನು, ನಮ್ಮ ಬೀದಿಗೆ ಯಜಮಾನನಿದ್ದ ಹಾಗೆ. ನನ್ನನ್ನು ಅಕ್ಕ ಎನ್ನುತ್ತಾನೆ. ಹಿಂದಿನ ವರ್ಷ ಬೆಂಗಳೂರಿಗೆ ಹೋಗಿ ಎರಡೂ ಮಂಡಿ ಬದಲಾಯಿಸಿಕೊಂಡು ಬಂದಿದ್ದ. ಅದಕ್ಕೆ ಎಷ್ಟಾಯಿತೆಂದು ಹೇಳದೆ ಯಾರ ಮನೆಯಲ್ಲೂ ಕಾಫಿ ಕುಡಿದವನಲ್ಲ.

“ಇದೇನಕ್ಕಾ ಇಂಗ್ ಮಾಡ್ಬುಟ್ರಿ? ಅಂಗ್ಡಿ ಬೋರ್ಡು ತಗಲಾಕಿದಂಗೆ” ಎಂದು ಸ್ಲೇಟು ತೋರಿಸಿದ.

“ಅಂಗಡಿನೇ ಅಲ್ವಾ ದೊಡ್ಡಪ್ಪ? ನಿಮ್ಮ ಮಂಡಿ ಹಾಕಿದೋರು ಏನು ದೇವಸ್ಥಾನ ಇಟ್ಟಿದ್ರಾ?” ಎಂದಳು ಧನು.

“ಅವ್ರು ಬುಡವ್ವ, ಯಾವೂರೋರೋ. ಅವ್ರದು ಕೈಗುಣ ಅಲ್ಲ, ಮಿಷಿನ್ನು. ನಿಂದು ಓಬಳಯ್ಯನೋರ ಕೈ. ರಕ್ತದಾಗೆ ಬಂದಿರೋದು. ಕೇಳಿ ಕಳ್ಕಂಬ್ಯಾಡ ಕಣಮ್ಮ.”

“ಕೇಳದೆ ಹೆಂಗಪ್ಪ ಬದುಕೋದು ಈ ಮಗ?” ಎಂದೆ ನಾನು. “ಅವ್ರಿಗೆ ಸಂಬಳ ಇತ್ತು, ಪಿಂಚಣಿ ಇತ್ತು. ಇವಳಿಗೆ ಏನೈತೆ?”

ಪರ್ವತಯ್ಯ ಗಲ್ಲ ಕೆರೆದುಕೊಂಡ. ಆ ಮಾತು ಅವನಿಗೆ ನಾಟಿತು ಎಂದೇ ನನಗೆ ಅನ್ನಿಸಿತು. ಕಣ್ಣಲ್ಲಿ ನೀರು ಕೂಡ ಬಂತು ಅವನಿಗೆ, ಅದು ಸುಳ್ಳಲ್ಲ.

“ಯಜಮಾನ್ರ ಪುಣ್ಯತಿಥಿ ಬರ್ತೈತಲ್ಲ ಮುಂದಿನ ತಿಂಗ್ಳು. ಅಲ್ಲಿಗಂಟ ಈ ಸ್ಲೇಟು ಇಳ್ಸು ತಾಯಿ. ಊರೋರೆಲ್ಲ ಸೇರ್ತೀವಿ. ನಿನಗೆ ಏನ್ ಮಾಡ್ಬೇಕೋ ಅದ ನಾವು ಮಾಡ್ತೀವಿ. ನೀನ್ ಬಾಯ್ಬಿಡೋ ಅಂಗಿಲ್ಲ, ನಾವ್ ಬುಡೋ ಅಂಗಿಲ್ಲ.”

ಧನು ಸ್ಲೇಟು ಇಳಿಸಿದಳು. ಊಟಕ್ಕೆ ಕೂತಾಗ ಏನಿರಬಹುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಮನೆಗಿಷ್ಟು ಅಂತ ತಿಂಗಳಿಗೆ ಸೇರಿಸಿ ಕೊಡಬಹುದು ಎಂದೆ ನಾನು. ಬೇರೆ ಕಡೆ ಹಾಗೆ ಊರವರೇ ಸೇರಿ ಡಾಕ್ಟರನ್ನು ಇಟ್ಟುಕೊಂಡಿದ್ದಾರಂತೆ ಎಂದಳು ಅವಳು. ಅವಳಿಗೆ ಆ ವಿಚಾರ ಹಿಡಿಸಿತು. ನನ್ನ ಊರು, ನನ್ನ ಸಂಬಳ, ಎಂದು ಎರಡು ಸಲ ಅಂದಳು. ಆ ತಿಂಗಳೆಲ್ಲ ಹಾಡು ಗುನುಗುತ್ತಾ ಕೆಲಸ ಮಾಡಿದಳು. ಪಕ್ಕದ ಮೆಡಿಕಲ್ ಸ್ಟೋರಿನ ನಾಗಭೂಷಣ್, “ಸ್ಕ್ಯಾನಿಂಗ್ ಬರ್ಕೊಡಿ ಮೇಡಂ, ಲ್ಯಾಬಿನೋರು ನಿಮ್ಮ ಪಾಲು ಕವರಲ್ಲಿ ತಂದ್ಕೊಡ್ತಾರೆ. ಎಲ್ಲಾರೂ ಬದುಕ್ತಿರೋದು ಅಂಗೇಯ” ಎಂದು ಹೇಳಿದರೆ, “ಬೇಡ ನಾಗಭೂಷಣ್, ಇನ್ನೊಂದು ತಿಂಗಳು ತಡೀರಿ, ನಮ್ಮೂರೋರು ಏನೋ ಮಾಡ್ತಾರಂತೆ” ಎಂದು ಕಳಿಸಿದಳು.

ಪುಣ್ಯತಿಥಿಯ ದಿನ ಕ್ಲಿನಿಕ್ಕಿನ ಮುಂದೆ ರಸ್ತೆಯನ್ನೇ ಮುಚ್ಚಿ ಶಾಮಿಯಾನ ಹಾಕಿದರು. ಮೈಕು, ಕುರ್ಚಿ, ಕೇಸರಿಬಾತು. ನಾಗಲಮಡಿಕೆಯಿಂದ ಕೂಡ ಜನ ಬಂದಿದ್ದರು. ಒಬ್ಬ ಮುದುಕ ನನ್ನ ಕಾಲು ಮುಟ್ಟಲು ಬಗ್ಗಿ, “ಆಯಪ್ಪ ದೇವುಡು ಕಣಮ್ಮ, ದೇವುಡು! ಒಂದಿನ ಬಾಯ್ಬಿಟ್ಟು ಕೇಳಿದ್ದಿಲ್ಲ” ಎಂದು ಅತ್ತ. ಧನುವಿಗೆ ಜರಿ ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಅವಳ ಕಣ್ಣಿನ ಮೇಲೆ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಮುಂದಿನದಕ್ಕೆ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ.

ಪರ್ವತಯ್ಯ ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದ ಪರದೆ ಎಳೆದ. ಬಿಳಿ ಅಮೃತಶಿಲೆ, ಚಿನ್ನದ ಬಣ್ಣದ ಅಕ್ಷರ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಓದಲು ಕಲಿತವಳು ನಾನು, ನಿಧಾನಕ್ಕೆ ಓದಿಕೊಂಡೆ. ‘ಜನರ ದೇವರು ದಿವಂಗತ ಡಾ. ಓಬಳಯ್ಯನವರ ಸ್ಮರಣಾರ್ಥ. ಇಲ್ಲಿ ಎಂದೆಂದಿಗೂ ಶುಲ್ಕ ಕೇಳುವುದಿಲ್ಲ. ಮಧುಗಿರಿಯ ನಾಗರಿಕರು.’

ಚಪ್ಪಾಳೆ ಬಿತ್ತು.

“ಎಂದೆಂದಿಗೂ ಅಂತ ಹಾಕ್ಸೋಕೆ ಯಾರನ್ನ ಕೇಳಿದ್ರಿ ದೊಡ್ಡಪ್ಪ?” ಎಂದಳು ಧನು. ಮೈಕು ದೂರ ಇತ್ತು, ನಮಗೆ ಮಾತ್ರ ಕೇಳಿಸಿತು.

“ಯಾರನ್ ಕೇಳ್ಬೇಕವ್ವ? ನಮ್ಮನೆ ಮಗ ನೀನು. ಮನೆ ಮನೆ ತಿರುಗಿ ಎತ್ತಿದ್ದೀವಿ ದುಡ್ಡು. ಒಬ್ರು ಇಲ್ಲ ಅನ್ಲಿಲ್ಲ, ಗೊತ್ತಾ?”

ಆ ಕಲ್ಲಿಗೂ ಶಾಮಿಯಾನಕ್ಕೂ ಕೇಸರಿಬಾತಿಗೂ ಆದ ಖರ್ಚು ಅವಳ ತಟ್ಟೆಗೆ ಅಷ್ಟು ತಿಂಗಳಲ್ಲಿ ಬಿದ್ದದ್ದಕ್ಕಿಂತ ಹೆಚ್ಚು. ಕೊಡುವ ಕೈ ಇತ್ತು ಊರಿಗೆ. ಕಲ್ಲಿಗೆ ಕೊಟ್ಟರು.

ನನ್ನನ್ನು ಎರಡು ಮಾತು ಆಡಲು ಕರೆದರು. ನಾನು ಎಂದೂ ಮೈಕು ಹಿಡಿದವಳಲ್ಲ. ಅವತ್ತು ಹಿಡಿದೆ.

“ನೀವೆಲ್ಲ ತಪ್ಪು ತಿಳ್ಕಂಡಿದೀರಿ. ನಮ್ಮೆಜಮಾನ್ರು ದೇವ್ರೂ ಅಲ್ಲ, ಏನೂ ಅಲ್ಲ. ಎರಡು ರೂಪಾಯಿ ಈಸ್ಕಳ್ತಿದ್ರು. ಯಾರೋ ಮೂಗರ್ಜಿ ಬರೆದ್ರು ಅಂತ ಹೆದ್ರಿ ಈ ತಟ್ಟೆ ಇಟ್ರು, ಕೆಲ್ಸ ಹೋಗ್ತೈತೆ ಅಂತ. ಅವ್ರಿಗೆ ಸರ್ಕಾರ ಕೊಡೋದು, ಅದ್ಕೇ ನಿಮ್ಮನ್ನ ಕೇಳ್ಲಿಲ್ಲ. ಈ ಮಗೀಗೆ ಯಾರೂ ಕೊಡಲ್ಲ. ಅವಳಿಗೂ ಹೊಟ್ಟೆ ಐತೆ. ನೀವು ನೂರು ರೂಪಾಯಿ ಕೊಟ್ರೆ ಅವಳ ಕೈ ಏನೂ ಸೀದು ಹೋಗಲ್ಲ.”

ಆಮೇಲೆ ಪರ್ವತಯ್ಯ ಕಣ್ಣೊರೆಸಿಕೊಳ್ಳುತ್ತಾ ಮೈಕು ಇಸಿದುಕೊಂಡ.

“ಕೇಳಿದ್ರಾ! ಕೇಳಿದ್ರೇನ್ರಪ್ಪಾ! ಇದಕ್ಕಂತಾರೆ ದೊಡ್ಡ ಮನ್ಸು. ಹೊಗಳಿಸ್ಕಣಕ್ಕೂ ಒಪ್ಪಲ್ಲ ಈ ತಾಯಿ! ಗಂಡನ್ನ ಸಣ್ಣೋನ್ ಮಾಡಿಯಾದ್ರೂ ತಾನು ಸಣ್ಣಗಿರ್ತಾಳೆ!”

ಮತ್ತೆ ಚಪ್ಪಾಳೆ. ಮುಂಚಿನದ್ದಕ್ಕಿಂತ ಜೋರು. ನಾಗಲಮಡಿಕೆಯ ಮುದುಕ ಎದ್ದುನಿಂತು ಕೈಮುಗಿದ. ನಾನು ಕುರ್ಚಿಗೆ ವಾಪಸು ಬಂದು ಕೂತೆ. ಧನು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು. “ಬಿಡು ಅಜ್ಜಿ” ಎಂದಳು, “ನಿನಗೂ ಒಂದು ಕಲ್ಲು ಹಾಕಿಸ್ತಾರೆ.”

ಕಲ್ಲು ಬಂದ ಮೇಲೆ ಜನ ಹೆಚ್ಚಿದರು. ಗೊರವನಹಳ್ಳಿಗೆ ಬಸ್ಸು ಮಾಡಿಕೊಂಡು ಬಂದವರು ಅಲ್ಲಿ ಮಹಾಲಕ್ಷ್ಮಿ ದರ್ಶನ ಮುಗಿಸಿ, ಇಲ್ಲಿ ಧನಲಕ್ಷ್ಮಿಗೆ ತೋರಿಸಿಕೊಂಡು ಹೋಗುವುದು ರೂಢಿಯಾಯಿತು. ಕಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನರ್ಸು ಹುಡುಗಿ ಕೆಲಸ ಬಿಟ್ಟಳು. ಅವಳ ಕೆಲಸವನ್ನೂ ಧನುವೇ ಮಾಡಿದಳು. ಮಧ್ಯಾಹ್ನದ ಊಟ ನಾಲ್ಕಕ್ಕೋ ಐದಕ್ಕೋ. ಇಷ್ಟಾದರೂ ಅವಳು ಬಿಡಲಿಲ್ಲ, ಅದನ್ನು ನಾನು ಹೇಳಲೇಬೇಕು. ವರ್ಷ ಅಂದಿದ್ದೀನಿ, ವರ್ಷ ಮುಗೀಲಿ ಎನ್ನುತ್ತಿದ್ದಳು. ಒಬ್ಬರಾದರೂ, ಒಂದು ಸಲವಾದರೂ, ತಾವಾಗಿ ಅರ್ಥ ಮಾಡಿಕೊಂಡು ಸರಿಯಾದ ಫೀಸು ಕೊಟ್ಟರೆ ಸಾಕು, ಉಳಿದವರೂ ಕಲಿತುಕೊಳ್ಳುತ್ತಾರೆ ಎಂದು ಅವಳ ಆಸೆ.

ಆ ಒಬ್ಬರು ಪರ್ವತಯ್ಯನೇ ಆಗುತ್ತಾನೆ ಎಂದು ನಾವು ತಿಳಿದೆವು.

ಅವತ್ತು ಬೆಳಿಗ್ಗೆ ಅವನು ಎದೆ ಒತ್ತಿಕೊಂಡು ಬಂದ. “ಗ್ಯಾಸ್ಟ್ರಿಕ್ ಕಣಮ್ಮ, ರಾತ್ರಿ ಮುದ್ದೆ ಜಾಸ್ತಿ ಆಯ್ತು, ಒಂದು ಮಾತ್ರೆ ಕೊಟ್ಟುಬುಡು” ಎಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಧನು ಅವನನ್ನು ಮಲಗಿಸಿ, ಎದೆಗೆ ವೈರು ಹಚ್ಚಿ ಇಸಿಜಿ ತೆಗೆದಳು. ಆ ಮಿಷಿನ್ನು ತಿಪ್ಪೇರುದ್ರ ಕೊಡಿಸಿದ್ದು. ಕಾಗದ ಹೊರಬರುತ್ತಿದ್ದ ಹಾಗೆಯೇ ಅವಳ ಮುಖ ಬದಲಾಯಿತು. ಮಾತ್ರೆ ಜಗಿಸಿದಳು, ನೂರೆಂಟಕ್ಕೆ ಫೋನು ಮಾಡಿದಳು, ಬೆಂಚಿನಲ್ಲಿದ್ದವರನ್ನೆಲ್ಲ ಬಿಟ್ಟು ತಾನೇ ಆಂಬುಲೆನ್ಸ್ ಹತ್ತಿ ತುಮಕೂರಿನವರೆಗೆ ಅವನ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಒಮ್ಮೆ ಅವನ ಉಸಿರು ನಿಂತಂತಾಗಿ, ಇವಳು ಎದೆ ಒತ್ತಿ ಒತ್ತಿ ಎಳೆದು ತಂದಳಂತೆ. ಸಾಯಂಕಾಲ ಬಸ್ಸಿನಲ್ಲಿ ವಾಪಸು ಬಂದವಳಿಗೆ ತೋಳು ಎತ್ತಲು ಆಗುತ್ತಿರಲಿಲ್ಲ. ಆದರೆ ಮುಖದಲ್ಲಿ ಒಂದು ಕಳೆ. “ಬದುಕ್ಕೊಂಡ್ರು ಅಜ್ಜಿ” ಎಂದಳು. ಅವತ್ತು ಎರಡು ಮುದ್ದೆ ತಿಂದಳು.

ಮೂರು ವಾರದ ಮೇಲೆ ಪರ್ವತಯ್ಯ ಹೆಂಡತಿಯೊಂದಿಗೆ ಬಂದ. ಕಾರಿನಲ್ಲಿ ಬಂದ. ಕೈಯಲ್ಲಿ ತುಮಕೂರಿನ ಆಸ್ಪತ್ರೆಯ ಬಿಲ್ಲು, ಪ್ಲಾಸ್ಟಿಕ್ ಕವರಿನಲ್ಲಿ. ಮೊದಲು ಅದನ್ನೇ ತೆಗೆದು ತೋರಿಸಿದ.

“ಎರಡು ಸ್ಟೆಂಟು ಕಣಕ್ಕ. ಒಂದೊಂದು ಅಂಗುಲ್ದಷ್ಟಿಲ್ಲ, ಬೆರಳುಗುರಿನಷ್ಟಿಲ್ಲ, ನೋಡು ಎಷ್ಟಾಕವ್ರೆ! ಇದು ರೂಮಿಂದು, ಇದು ದೊಡ್ಡ ಡಾಕ್ಟ್ರು ಬಂದು ಬಾಗ್ಲಲ್ಲಿ ನಿಂತು ಹೆಂಗಿದೀರಾ ಅಂದಿದ್ದಕ್ಕೆ. ಅಂದಿದ್ದಕ್ಕೆ ಸಾವ್ರ!” ಎಂದು ಹೆಮ್ಮೆಯಿಂದ ನಕ್ಕ.

“ಕೊಟ್ರಾ ದೊಡ್ಡಪ್ಪ?” ಎಂದಳು ಧನು.

“ಕೊಡ್ದೆ? ಕೇಳಿದ್ಮೇಲೆ ಕೊಡ್ಬೇಕಲ್ಲ.”

ಅವನ ಹೆಂಡತಿ ಚೀಲದಿಂದ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ತೆಗೆದಳು. ಪರ್ವತಯ್ಯ ಅದರ ಮೇಲೆ ನೂರೊಂದು ರೂಪಾಯಿ ಇಟ್ಟು, ನರಸಿಂಹನಿಗೆ ಕೈಮುಗಿದು, ತಟ್ಟೆಗೆ ಸೇರಿಸಿದ. ಆಮೇಲೆ ಧನುವಿನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

“ಅಲ್ಲಿಯೋರೇ ಅಂದ್ರು ತಾಯಿ, ಮಧುಗಿರಿ ಡಾಕ್ಟ್ರು ಇಲ್ದಿದ್ರೆ ಹೆಣ ಬರ್ತಿತ್ತು ಅಂತ. ಯಾಕ್ ಬದುಕ್ದೆ ಗೊತ್ತಾ? ನೀನು ಕೇಳ್ಲಿಲ್ಲ. ಅದ್ಕೇ ಬದುಕ್ದೆ.”

“ಕೇಳಿದ್ರೆ?” ಎಂದಳು.

“ಏನು?”

“ನಾನು ಅವತ್ತು ಫೀಸು ಕೇಳಿದ್ದಿದ್ರೆ ಏನಾಗ್ತಿತ್ತು ದೊಡ್ಡಪ್ಪ?”

ಪರ್ವತಯ್ಯನಿಗೆ ಯೋಚಿಸಬೇಕಾದ ಮಾತೇ ಅಲ್ಲ ಅದು. “ಸತ್ತೋಗ್ತಿದ್ದೆ ಕಣಮ್ಮ” ಎಂದ.

ಅವನು ಆ ಮಾತನ್ನು ಪ್ರೀತಿಯಿಂದಲೇ ಹೇಳಿದ. ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ, ಅದೇ ನನ್ನ ಸಂಕಟ. ಧನು ಕೈ ಬಿಡಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ತೊಳೆದುಕೊಂಡಳು. ಬಹಳ ಹೊತ್ತು ತೊಳೆದುಕೊಂಡಳು. ಬೆಂಚಿನಲ್ಲಿ ಕೂತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಮುಗಿಸಿದಳು. ಬಾಗಿಲು ಹಾಕಿದಳು. ವರ್ಷ ತುಂಬಲು ಇನ್ನೂ ದಿನಗಳಿದ್ದವು.

ಈಗ ಅವಳಿಗೆ ಸಂಬಳವಿದೆ. ತಿಂಗಳ ಕೊನೆಯ ದಿನ, ಬೆಳಿಗ್ಗೆ ಕಾಫಿ ಕುಡಿಯುವುದರೊಳಗೆ ಫೋನಿಗೆ ಬಂದಿರುತ್ತದೆ. ತಾತ ಕೊನೆಗಾಲದಲ್ಲಿ ಪಡೆಯುತ್ತಿದ್ದ ಪಿಂಚಣಿಯ ಎಷ್ಟೋ ಪಟ್ಟು. ಬೆಂಗಳೂರಿನ ಒಂದು ಕಚೇರಿ. ಅದು ಅಮೆರಿಕದ ಇನ್ಶೂರೆನ್ಸಿನವರಿಗೆ ಕೆಲಸ ಮಾಡಿಕೊಡುತ್ತದೆ. ಇವಳು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಕ್ಲಿನಿಕ್ಕಿನಲ್ಲಿ ಬಾಗಿಲು ಹಾಕಿಕೊಂಡು, ಅದೇ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು, ಅಲ್ಲಿನ ರೋಗಿಗಳ ಕಾಗದ ಓದುತ್ತಾಳೆ. ಮುಖ ನೋಡುವುದಿಲ್ಲ, ನಾಡಿ ಹಿಡಿಯುವುದಿಲ್ಲ. ನಾನು ಒಂದು ದಿನ ಕಾಫಿ ಕೊಡಲು ಹೋದಾಗ ಯಾರದ್ದೋ ಸೊಂಟದ ಮೂಳೆಯ ಚಿತ್ರ ಪರದೆಯ ಮೇಲಿತ್ತು.

“ಯಾರೇ ಇದು?”

“ಯಾರೋ ಮುದುಕಿ ಅಜ್ಜಿ. ನಿನ್ನ ವಯಸ್ಸು. ಬಿದ್ದು ಸೊಂಟ ಮುರ್ಕೊಂಡಿದಾಳೆ. ಇನ್ನೂ ಒಂದು ವಾರ ಆಸ್ಪತ್ರೆಲಿ ಇಟ್ಕೋಬೇಕು, ದುಡ್ಡು ಕೊಡಿ ಅಂತ ಅವಳ ಡಾಕ್ಟ್ರು ಕೇಳಿದಾರೆ.”

“ನೀನೇನಂದೆ?”

“ಕೊಡೋದು ಬೇಡ ಅಂತ ಬರ್ದೆ.”

“ಯಾಕೇ? ಪಾಪ.”

ಅವಳು ತಿರುಗಿ ನನ್ನನ್ನು ನೋಡಿದಳು. “ಅದಕ್ಕೇ ನನಗೆ ಸಂಬಳ” ಎಂದಳು.

ಕಲ್ಲು ಗೋಡೆಯಲ್ಲಿ ಹಾಗೇ ಇದೆ. ಊರವರು ಮೊದಮೊದಲು ಬಂದು ಬಾಗಿಲು ತಟ್ಟುತ್ತಿದ್ದರು. ಆಮೇಲೆ, ಪಾಪ ಆ ಹುಡುಗಿಗೆ ದೃಷ್ಟಿ ಆಯಿತು, ಕೈಗುಣ ಬಿಟ್ಟುಹೋಯಿತಂತೆ ಎಂದು ತಾವೇ ಮಾತಾಡಿಕೊಂಡು ಬರುವುದನ್ನು ನಿಲ್ಲಿಸಿದರು. ಪರ್ವತಯ್ಯ ಕದಿರಿಗೆ ಹರಕೆ ಹೊತ್ತುಕೊಂಡಿದ್ದಾನೆ, ಅವಳ ಕೈಗುಣ ವಾಪಸು ಬರಲಿ ಎಂದು.

ಹೋದ ವಾರ ಈಶ್ವರಮ್ಮ ಬಂದಳು. ಕೆಮ್ಮು, ಜ್ವರ. ಕಡಲೆಕಾಯಿ ಬುಟ್ಟಿ ಇಳಿಸಿ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಒರಗಿದಳು.

“ಒಂದ್ ಸಲ ನೋಡ್ಲಿ ಅನ್ನಕ್ಕ. ಬೆನ್ ಮೇಲೆ ಕೈ ಇಟ್ರೂ ಸಾಕು, ವಾಸಿ ಆಗ್ತೈತೆ” ಎಂದಳು. ಉಸಿರಿಗೊಂದು ಮಾತು.

ನಾನು ಒಳಗೆ ಹೋಗಿ ಹೇಳಿದೆ. ಧನು ಕೀಲಿಮಣೆಯ ಮೇಲೆ ಬೆರಳು ನಿಲ್ಲಿಸಿದಳು. ಕೆಮ್ಮು ಅವಳಿಗೂ ಕೇಳಿಸುತ್ತಿತ್ತು. ಎದ್ದು, ಮೊಳೆಗೆ ನೇತುಹಾಕಿದ್ದ ಸ್ಟೆತಸ್ಕೋಪು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡಳು.

“ನೂರು ರೂಪಾಯಿ ಅಂತ ಹೇಳು ಅಜ್ಜಿ. ಕೊಡ್ತೀನಿ ಅಂದ್ರೆ ಸಾಕು, ಇವತ್ತೇ ಕೊಡ್ಬೇಕು ಅಂತಿಲ್ಲ. ಅಂದ್ರೆ ಸಾಕು. ಬಾಗಿಲು ತೆಗೀತೀನಿ.”

ನಾನು ಹೊರಗೆ ಬಂದು ಹೇಳಿದೆ. ಬೇಡಿಕೊಂಡ ಹಾಗೆ ಹೇಳಿದೆ. “ಹೂಂ ಅಂದ್ಬುಡೇ ಈಶ್ವರಿ, ನಾನೇ ಬೇಕಾದ್ರೆ ಕೊಡ್ತೀನಿ, ನೀನು ಬಾಯಲ್ಲಿ ಹೂಂ ಅನ್ನು.”

ಈಶ್ವರಮ್ಮ ನನ್ನ ಮುಖ ನೋಡಿದಳು. ಗೋಡೆಯ ಕಲ್ಲು ನೋಡಿದಳು. ಓದಲು ಬರದಿದ್ದರೂ ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತು, ಅದಕ್ಕೆ ಅವಳೂ ಕೊಟ್ಟಿದ್ದಾಳೆ. ಬುಟ್ಟಿ ಹಿಡಿದುಕೊಂಡು ಮೆಲ್ಲಗೆ ಎದ್ದಳು.

“ಬಸ್ ಸ್ಟ್ಯಾಂಡಿನ ಹತ್ರ ಹೊಸ ಆಸ್ಪತ್ರೆ ಆಗೈತಲ್ಲಕ್ಕ, ಅಲ್ಲಿಗ್ ಹೋಯ್ತೀನಿ ಬುಡು.”

“ಅಲ್ಲಿ ಬರೀ ಹೆಸರು ಬರೆಸೋಕೆ ಮುನ್ನೂರು ಕಣೇ!”

“ಕೊಡ್ತೀನಿ. ಅವ್ರು ಕೇಳ್ಕಂಡೇ ಬಂದಿರೋ ಜನ” ಎಂದು ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. “ಇಲ್ಲಿ ನೂರು ಕೊಟ್ಟು, ಆ ಮಗೀನ್ ಕೈ ಕೆಡ್ಸಿದ್ ಪಾಪ ನಂಗ್ಯಾಕಕ್ಕ?”

ಕೆಮ್ಮುತ್ತಾ ಇಳಿಜಾರಿನಲ್ಲಿ ಹೋದಳು. ಒಳಗೆ ಚಿಲಕ ತೆಗೆಯುವ ಸದ್ದಿಗೆ ನಾನು ಕಿವಿಗೊಟ್ಟು ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೀಲಿಮಣೆಯ ಟಕಟಕ ಮತ್ತೆ ಶುರುವಾಯಿತು.